ಜರಿಗಿಡದ ಹುಚ್ಚು

ಇಂಗ್ಲೆಂಡಿನಲ್ಲಿರೋ ತಂಗಿ ಮಗಳು ಮೊನ್ನೆ ಫೋನಲ್ಲಿ, "ದೊಡ್ಡಮ್ಮಾ, ಹಿತ್ತಲಲ್ಲಿ ಮರದ ನೆರಳು ಜಾಸ್ತಿ, ಯಾವ ಜರಿಗಿಡ ಹಾಕ್ಲಿ?" ಅಂದ್ಲು. ನಮ್ಮ ಬಾವಿ ಕಲ್ಲುಸಂದಿಯಲ್ಲಿ ಕೇಳದೇ ಬೆಳೆಯತ್ತಲ್ಲ, ಆ ಜಾತಿ ಗಿಡ ಕಣ್ರೇ. ಅಲ್ಲಿ ಒಂದು ಕಾಲದಲ್ಲಿ ಇದರದ್ದೇ ಹುಚ್ಚು ಹಿಡಿದಿತ್ತು.

1829ರ ಸುಮಾರಿಗೆ ಲಂಡನ್ನಿನ ನಥಾನಿಯಲ್ ವಾರ್ಡ್ ಅನ್ನೋ ಡಾಕ್ಟ್ರು ಪತಂಗದ ಗೂಡೊಂದನ್ನ ಹಸಿಮಣ್ಣಿನ ಜೊತೆ ಬಾಟ್ಲಿಯಲ್ಲಿ ಮುಚ್ಚಿಟ್ಟರು. ಆ ಮಣ್ಣಲ್ಲಿ ಜರಿಗಿಡ ಹುಟ್ಟಿತು! ಕಲ್ಲಿದ್ದಲ ಹೊಗೆಗೆ ಅವರ ಅಂಗಳದಲ್ಲಿ ಸಾಯ್ತಿದ್ದ ಗಿಡ ಗಾಜಿನೊಳಗೆ ಬದುಕ್ತು. ಆಮೇಲೆ ಉಳ್ಳವರ ಮನೆಯಲ್ಲೆಲ್ಲ ಗಾಜಿನ ಪೆಟ್ಟಿಗೆ. ಹೆಣ್ಣುಮಕ್ಕಳೂ ಬುಟ್ಟಿ ಹಿಡಿದು ಕಾಡಿಗೆ ಹೊರಟ್ರು. ಹೊಸಿಲು ದಾಟೋಕೆ ಅವರಿಗೂ ಒಂದು ನೆಪ ಸಿಕ್ತಲ್ಲ, ಅಷ್ಟು ಮಾತ್ರ ನನಗೆ ಖುಷಿ. 1855ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಅನ್ನೋ ಲೇಖಕರು ಈ ಹುಚ್ಚಿಗೆ 'ಟೆರಿಡೋಮೇನಿಯಾ' ಅಂತ ಹೆಸರೇ ಇಟ್ರು.

ಆದ್ರೆ ಐರ್ಲೆಂಡಿನ ಕಿಲಾರ್ನಿ ಜರಿಗಿಡವನ್ನ ಬುಡಸಮೇತ ಕಿತ್ತು ಮಾರಿ, ಅದು ಇವತ್ತಿಗೂ ಅಪರೂಪ. ಜಲಪಾತದ ತುಂತುರಲ್ಲಿ ಬೆಳೆಯೋ ತೆಳ್ಳನೆ ಎಲೆ, ಹಿತ್ತಲ ಗಾಳಿ ಎಲ್ಲಿ ತಡೆಯತ್ತೆ?

ಗಟ್ಟಿಯವು ಬೇರೆ. 'ಮೇಲ್ ಫರ್ನ್' ಒಣ ನೆರಳಲ್ಲೂ ಬರತ್ತೆ. ನಾಲಿಗೆ ಹಾಗೆ ಸೀಳಿಲ್ಲದ ಎಲೆಯ 'ಹಾರ್ಟ್ಸ್ ಟಂಗ್'ಗೆ ಸುಣ್ಣದ ಮಣ್ಣು ಇಷ್ಟ, ಚಳಿಗಾಲದಲ್ಲೂ ಹಸಿರು. ಅವಳಿಗೆ ಇವೆರಡನ್ನೇ ಹೇಳಿದೀನಿ. ಅದೂ ನರ್ಸರಿಯಿಂದ ತಾ, ಕಾಡಿಗೆ ಕೈ ಹಾಕ್ಬೇಡ ಅಂತ.