ನಮ್ಮ ಅಡಿಗೆಮನೆಯ ಪಿಜ್ಜಾ: ಒಂದು ವಲಸೆಯ ಚರಿತ್ರೆ

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂಬ ಗಾದೆ ನಮ್ಮಲ್ಲಿದೆ. ಅಮೆರಿಕಕ್ಕೆ ಬಂದ ಕನ್ನಡ ಕುಟುಂಬಗಳು ಪಿಜ್ಜಾದ ಬಳಿಗೆ ಬಂದದ್ದೂ ಹಾಗೆಯೇ. ಯುಗಾದಿಯಾಗಲಿ ರಾಜ್ಯೋತ್ಸವವಾಗಲಿ, ಬಿಸಿಬೇಳೆ ಭಾತು, ಮೊಸರನ್ನಗಳ ಪಕ್ಕದಲ್ಲಿ ಮಕ್ಕಳಿಗೆಂದು ಪಿಜ್ಜಾ ಡಬ್ಬಿಗಳ ಸಾಲು ಇದ್ದೇ ಇರುತ್ತದೆ. ಆದರೆ ಇಲ್ಲಿ ನಾವು ಹೇಳಹೊರಟಿರುವುದು ಅಂಗಡಿಯಿಂದ ತಂದ ಪಿಜ್ಜಾದ ವಿಷಯವಲ್ಲ. ಹಸಿಮೆಣಸಿನಕಾಯಿ, ಪನೀರು, ಕೊತ್ತಂಬರಿ ಸೊಪ್ಪು ಹಾಕಿ ನಮ್ಮ ಮನೆಗಳಲ್ಲೇ ಬೇಯಿಸುವ ಪಿಜ್ಜಾದ ವಿಷಯ. ಅದನ್ನು ಬಡಿಸುವಾಗ ‘ಇದು ನಿಜವಾದ ಪಿಜ್ಜಾ ಅಲ್ಲ ಬಿಡಿ’ ಎಂದು ಸಂಕೋಚಪಡುವವರೇ ನಮ್ಮಲ್ಲಿ ಹೆಚ್ಚು. ಚರಿತ್ರೆಯನ್ನು ತಿರುವಿ ನೋಡಿದರೆ ಈ ಸಂಕೋಚಕ್ಕೆ ಕಾರಣವೇ ಇಲ್ಲ.

‘ಪಿಜ್ಜಾ’ ಎಂಬ ಪದ ಇಟಲಿಯ ಗಾಯೆಟಾ ಪಟ್ಟಣದ ಕ್ರಿ.ಶ. 997ರ ಲ್ಯಾಟಿನ್ ದಾಖಲೆಯೊಂದರಲ್ಲಿ ಸಿಗುತ್ತದೆ. ಗೇಣಿಯ ಭಾಗವಾಗಿ ಬಿಷಪ್‌ಗೆ ಕ್ರಿಸ್‌ಮಸ್‌ಗೆ 12, ಈಸ್ಟರ್‌ಗೆ 12 ಪಿಜ್ಜಾ ಕೊಡಬೇಕೆಂದು ಅದರಲ್ಲಿ ಬರೆದಿದೆ. ಆ ಪಿಜ್ಜಾದ ಮೇಲೆ ಟೊಮೇಟೊ ಇರಲು ಸಾಧ್ಯವೇ ಇರಲಿಲ್ಲ. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ದಾಟಿದ ನಂತರವಷ್ಟೇ ಟೊಮೇಟೊ ಯೂರೋಪಿಗೆ ಬಂದದ್ದು. ನೇಪಲ್ಸ್‌ನಲ್ಲಿ ಅಂತೋನಿಯೋ ಲತೀನಿ 1692ರಲ್ಲಿ ಪ್ರಕಟಿಸಿದ ಅಡಿಗೆ ಪುಸ್ತಕದಲ್ಲಿ ಟೊಮೇಟೊ ಸಾಸ್‌ಗೆ ಕೊಟ್ಟ ಹೆಸರೇ ‘ಸ್ಪ್ಯಾನಿಷ್ ರೀತಿಯದು’ ಎಂದು. ಇಟಲಿಯ ಗುರುತೆಂದು ನಾವು ತಿಳಿದಿರುವ ಹಣ್ಣು ಅಲ್ಲಿಯೂ ಪರದೇಶಿಯೇ!

ನಮ್ಮ ಮೆಣಸಿನಕಾಯಿಯ ಕಥೆಯೂ ಇದೇ. ಪೋರ್ಚುಗೀಸರು ಅದನ್ನು ಭಾರತಕ್ಕೆ ತಂದದ್ದು ಹದಿನಾರನೆಯ ಶತಮಾನದಲ್ಲಿ. ಅಲ್ಲಿಯವರೆಗೆ ಖಾರವೆಂದರೆ ನಮಗೆ ಮಲೆನಾಡಿನ ಕರಿಮೆಣಸು. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಅದನ್ನು ನಮ್ಮದಾಗಿಸಿಕೊಂಡೆವು. ಅಮೆರಿಕ ಖಂಡದ ಟೊಮೇಟೊ ಇಟಲಿ ಸುತ್ತಿ, ಅದೇ ಖಂಡದ ಮೆಣಸಿನಕಾಯಿ ಕರ್ನಾಟಕ ಸುತ್ತಿ, ಕೊನೆಗೆ ನಮ್ಮ ಮನೆಯ ಓವನ್‌ನಲ್ಲಿ ಮತ್ತೆ ಭೇಟಿಯಾಗಿವೆ.

ಪಿಜ್ಜಾ ಅಮೆರಿಕಕ್ಕೆ ಬಂದದ್ದು ಬಡ ಇಟಾಲಿಯನ್ ವಲಸೆಗಾರರ ಜೊತೆಯಲ್ಲಿ. ಇಲ್ಲಿನ ಮೊದಲ ಪಿಜ್ಜಾ ಅಂಗಡಿ 1905ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಲೊಂಬಾರ್ಡಿಯವರದು ಎಂಬುದು ರೂಢಿಯ ಮಾತು. ನೇಪಲ್ಸ್‌ನ ಸೌದೆ ಒಲೆಯ ಬದಲು ನ್ಯೂಯಾರ್ಕಿನಲ್ಲಿ ಕಲ್ಲಿದ್ದಲ ಒಲೆ ಬಂತು. ರೊಟ್ಟಿಯ ಗಾತ್ರ, ಚೀಸಿನ ಪ್ರಮಾಣ ಎರಡೂ ಬೆಳೆದವು. 1962ರಲ್ಲಿ ಕೆನಡಾದ ಆಂಟೇರಿಯೋದಲ್ಲಿ ಗ್ರೀಸ್‌ನಿಂದ ಬಂದ ಸ್ಯಾಮ್ ಪನೋಪುಲೋಸ್ ಅದರ ಮೇಲೆ ಅನಾನಸ್ ಹಾಕಿ ‘ಹವಾಯಿಯನ್’ ಎಂದು ಹೆಸರಿಟ್ಟರು. ಹೀಗೆ ಬಂದವರೆಲ್ಲ ತಮ್ಮ ಕೈಗುಣ ಸೇರಿಸುತ್ತಲೇ ಬಂದ ತಿನಿಸು ಇದು.

1965ರ ವಲಸೆ ಕಾಯಿದೆಯ ನಂತರ ಬಾಗಿಲು ತೆರೆದಾಗ ನಮ್ಮ ಹಿರಿಯರು ವೈದ್ಯರಾಗಿ, ಎಂಜಿನಿಯರರಾಗಿ ಇಲ್ಲಿಗೆ ಬಂದರು. ಸಸ್ಯಾಹಾರಿಗಳಿಗೆ ಹೊರಗೆ ಊಟವೆಂದರೆ ಹಲವು ಊರುಗಳಲ್ಲಿ ಬರೀ ಚೀಸ್ ಪಿಜ್ಜಾ ಒಂದೇ ಗತಿ. ಅದರಲ್ಲೂ ಒಂದು ತೊಡಕಿತ್ತು. ಹಾಲನ್ನು ಚೀಸಾಗಿಸುವ ‘ರೆನೆಟ್’ ಎಂಬ ಹೆಪ್ಪು ಮೊದಲಿನಿಂದಲೂ ಬರುತ್ತಿದ್ದುದು ಕರುವಿನ ಜಠರದಿಂದ. ಇದು ತಿಳಿದ ಮೇಲೆ ಎಷ್ಟೋ ಮನೆಗಳಲ್ಲಿ ಹೊರಗಿನ ಪಿಜ್ಜಾ ನಿಂತಿತು. ಮಕ್ಕಳಾದರೋ ಶಾಲೆಯ ಗೆಳೆಯರ ಹುಟ್ಟುಹಬ್ಬದಲ್ಲಿ ಕಂಡದ್ದನ್ನು ಮನೆಯಲ್ಲೂ ಕೇಳುವವರು. ಅಜ್ಜಿಯ ಮಡಿ, ಮೊಮ್ಮಗನ ಹಟ ಇವೆರಡರ ನಡುವೆ ಸಿಕ್ಕ ತಾಯಂದಿರು ಕಂಡುಕೊಂಡ ದಾರಿಯೇ ಮನೆಯ ಪಿಜ್ಜಾ. 1990ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಈ ತೊಡಕು ಬಹುಮಟ್ಟಿಗೆ ಸಡಿಲಿತು. ಆದರೂ ಪಾರ್ಮಿಜಾನೋ ರೆಜ್ಜಾನೋದಂಥ ಚೀಸಿಗೆ ಇಂದಿಗೂ ಕರುವಿನ ರೆನೆಟ್ಟೇ ಬೇಕು. ಚೀಟಿ ಓದಿ ಕೊಳ್ಳುವುದು ಕ್ಷೇಮ.

ಇದೇ ಯೋಚನೆ ಅಂಗಡಿಗಳಿಗೂ ಹೊಳೆದಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ‘ಜಾಂಟೆ’ ಎಂಬ ಪಿಜ್ಜಾ ಅಂಗಡಿಯನ್ನು 1986ರಲ್ಲಿ ಕೊಂಡ ದಲ್ವಿಂದರ್ ಮುಲ್ತಾನಿಯವರು ಟೊಮೇಟೊ ಸಾಸ್ ಬಿಟ್ಟು ಪಾಲಕ್ ಗೊಜ್ಜು ಸವರಿ, ಹೂಕೋಸು, ಬದನೆ, ಶುಂಠಿ, ಬೆಳ್ಳುಳ್ಳಿ ಹಾಕಿ ‘ಇಂಡಿಯನ್ ಪಿಜ್ಜಾ’ ಮಾರಿದರು. ದೊಡ್ಡ ಅಮೆರಿಕನ್ ಕಂಪನಿಗಳು ಭಾರತಕ್ಕೆ ಹೋದದ್ದು ಇದಾದ ಹತ್ತು ವರ್ಷಗಳ ಮೇಲೆ: 1996ರಲ್ಲಿ ಡಾಮಿನೋಸ್ ದೆಹಲಿಯಲ್ಲಿ, ಪಿಜ್ಜಾ ಹಟ್ ನಮ್ಮ ಬೆಂಗಳೂರಿನಲ್ಲಿ.

‘ನಮ್ಮ ಊತಪ್ಪವೇ ಭಾರತದ ಪಿಜ್ಜಾ’ ಎಂದು ಕೆಲವರು ಹೇಳುವುದುಂಟು. ನೋಟದಲ್ಲಿ ಹೋಲಿಕೆ ಇದೆ, ಗುಣದಲ್ಲಿಲ್ಲ. ಅಕ್ಕಿ-ಉದ್ದಿನ ಹಿಟ್ಟು ಹುಳಿ ಬಂದು ಹೆಂಚಿನ ಮೇಲೆ ಹರಡುತ್ತದೆ. ಗೋಧಿ ಹಿಟ್ಟನ್ನು ಚೆನ್ನಾಗಿ ನಾದಿದಾಗ ಜಿಗುಟು ಬಂದು, ಯೀಸ್ಟಿನ ಗಾಳಿಯನ್ನು ಹಿಡಿದು ಉಬ್ಬುತ್ತದೆ. ನೇಪಲ್ಸ್‌ನ ಒಲೆಯ ಶಾಖ ಸುಮಾರು 430ರಿಂದ 480 ಡಿಗ್ರಿ ಸೆಲ್ಸಿಯಸ್. ಅಲ್ಲಿ 60ರಿಂದ 90 ಸೆಕೆಂಡಿನಲ್ಲಿ ಪಿಜ್ಜಾ ಸಿದ್ಧ. ನಮ್ಮ ಮನೆಯ ಓವನ್ 550 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 290 ಸೆಲ್ಸಿಯಸ್ ದಾಟುವುದು ಅಪರೂಪ. ಬೇಯಲು ಹೆಚ್ಚು ಹೊತ್ತು ಹಿಡಿಯುವುದರಿಂದ ಮೇಲಿನ ತೇವವೆಲ್ಲ ರೊಟ್ಟಿಗಿಳಿಯುತ್ತದೆ. ಆದ್ದರಿಂದ ಪಲ್ಯ ಒಣಗಿರಬೇಕು, ಬೇಯಿಸಿದ ಸೊಪ್ಪನ್ನು ಹಿಂಡಿರಬೇಕು, ದೊಣ್ಣೆಮೆಣಸಿನಕಾಯಿಯನ್ನು ತುಸು ಬಾಡಿಸಿರಬೇಕು. ಹುಳಿ ಹಿಂಡಿ ಒಡೆದ ಪನೀರು ಕರಗುವುದಿಲ್ಲ, ಹಿಡಿದಿಡುವ ಕೆಲಸಕ್ಕೆ ಮೊಜ್ಜರೆಲಾ ಬೇಕೇ ಬೇಕು. ಕೊತ್ತಂಬರಿ ಸೊಪ್ಪು ಓವನ್‌ನಿಂದ ತೆಗೆದ ಮೇಲೆ. ಎಲ್ಲಕ್ಕಿಂತ ಮಿಗಿಲಾಗಿ, ಮೂಗಿಗಿಂತ ಮೂಗುತಿ ಭಾರವಾಗಬಾರದು!

2017ರಲ್ಲಿ ಯುನೆಸ್ಕೋ ನೇಪಲ್ಸ್‌ನ ಪಿಜ್ಜಾ ಮಾಡುವವರ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೈಯಿಂದ ಕೈಗೆ ಬಂದ ಕಸುಬೆಂಬುದೇ ಅದಕ್ಕೆ ಸಂದ ಗೌರವ. ನಮ್ಮ ತಾಯಂದಿರ ಕೈಗುಣಕ್ಕೆ ಅಂಥ ಪಟ್ಟಿ ಯಾವುದೂ ಇಲ್ಲ. ಎಪ್ಪತ್ತರ ದಶಕದಲ್ಲಿ ಚಟ್ನಿಪುಡಿ ಉದುರಿಸಿ ಮೊದಲ ಪಿಜ್ಜಾ ಮಾಡಿದವರಿಗೆ ಈಗ ಎಂಬತ್ತರ ಆಸುಪಾಸು. ಊರಿನ ಅಡಿಗೆಯನ್ನು ಬರೆದಿಟ್ಟ ಪುಸ್ತಕಗಳು ಬೇಕಾದಷ್ಟಿವೆ. ಈ ನೆಲದಲ್ಲಿ ಅವರು ಹೊಸದಾಗಿ ಕಂಡುಹಿಡಿದದ್ದು ಮಾತ್ರ ನೆನಪಿನಲ್ಲಷ್ಟೇ ಉಳಿದಿದೆ. ನೆನಪು ಹೋದರೆ ಅದೂ ಹೋಗುತ್ತದೆ.

ಸಂಘದ ವಾರ್ಷಿಕೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮದೊಂದು ಸಣ್ಣ ಕೋರಿಕೆ. ಒಂದು ಭಾನುವಾರ ಮಕ್ಕಳನ್ನು ಅಜ್ಜಿಯ ಪಕ್ಕದಲ್ಲಿ ನಿಲ್ಲಿಸಿ ಹಿಟ್ಟು ಕಲಸಿಸಿ. ಕಲಸು, ನಾದು, ತಟ್ಟು, ಉದುರಿಸು ಎಂಬ ಮಾತುಗಳು ಪಾಠಶಾಲೆಯಲ್ಲಿ ಕಲಿತದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತವೆ. ಅಜ್ಜಿ ಹೇಳಿದ ಅಳತೆಯನ್ನು, ಹೇಳಿದ ಕನ್ನಡದಲ್ಲೇ, ಬರೆದಿಟ್ಟುಕೊಳ್ಳಿ.