ಮೂರು ನಿಮಿಷದ ಲೆಕ್ಕ

ಕ್ಯಾಸಿನೊಗಳಲ್ಲಿ ಕ್ಯಾಮೆರಾ ಇಡುವುದು ಮೋಸಗಾರರನ್ನು ಹಿಡಿಯಲು. 1997ರಿಂದ 1999ರವರೆಗೆ ಅಮೆರಿಕದ ಕೆಲವು ಕ್ಯಾಸಿನೊಗಳಲ್ಲಿ ಅವು ಇನ್ನೊಂದು ಲೆಕ್ಕಕ್ಕೂ ಒದಗಿದವು: ಒಬ್ಬ ಮನುಷ್ಯ ಕುಸಿದದ್ದು ಯಾವಾಗ, ಅವನ ಎದೆಗೆ ವಿದ್ಯುತ್ ಆಘಾತ ಸಿಕ್ಕಿದ್ದು ಯಾವಾಗ?

ಹಲವರಲ್ಲಿ ಹೃದಯ ಒಮ್ಮೆಲೇ ಸ್ತಬ್ಧವಾಗುವುದಿಲ್ಲ; ಲಯ ತಪ್ಪಿ ನಡುಗುತ್ತಿರುತ್ತದೆ. ಆಗಲೇ ಡಿಫಿಬ್ರಿಲೇಟರ್ ಬಳಸಿದರೆ ಲಯ ಮರಳಬಹುದು. 1960ರ ದಶಕದ ನಡುವಿನಲ್ಲಿ ಬೆಲ್‌ಫಾಸ್ಟಿನ ವೈದ್ಯ ಫ್ರ್ಯಾಂಕ್ ಪ್ಯಾಂಟ್ರಿಜ್, ಕಾರಿನ ಬ್ಯಾಟರಿಗಳಿಂದ ನಡೆಯುವ ಸುಮಾರು 70 ಕಿಲೋ ತೂಕದ ಯಂತ್ರವನ್ನು ಆಂಬುಲೆನ್ಸಿಗೆ ಏರಿಸಿದ್ದು ಇದಕ್ಕೇ. ಆದರೆ ಆಂಬುಲೆನ್ಸಿಗೂ ದಾರಿ ಸವೆಯಬೇಕು. ಕ್ಯಾಸಿನೊಗಳಿಗೆ ವೈದ್ಯಕೀಯ ಸಿಬ್ಬಂದಿ ತಲುಪಲು ಸರಾಸರಿ 9.8 ನಿಮಿಷ ಹಿಡಿಯುತ್ತಿತ್ತು.

ಹಾಗಾಗಿ ಯಂತ್ರ ಕಾವಲುಗಾರರ ಕೈಗೆ ಬಂತು. ಲಯವನ್ನು ಓದುವ ಕೆಲಸ ಯಂತ್ರದ್ದೇ. ಪ್ಯಾಡ್ ಅಂಟಿಸಿ, ಸುತ್ತಲಿನವರನ್ನು ಸರಿಸಿ, ಗುಂಡಿ ಒತ್ತುವುದಷ್ಟೇ ಮನುಷ್ಯನದು. ಹೃದಯ ಹೀಗೆ ನಡುಗುತ್ತಿದ್ದ 105 ಮಂದಿಯಲ್ಲಿ 56 ಮಂದಿ ಆಸ್ಪತ್ರೆಯಿಂದ ಜೀವಂತವಾಗಿ ಹೊರಬಂದರು. ಕುಸಿದದ್ದು ಯಾರದಾದರೂ ಕಣ್ಣಿಗೆ ಬಿದ್ದು, ಮೂರು ನಿಮಿಷದೊಳಗೆ ಆಘಾತ ಸಿಕ್ಕವರಲ್ಲಿ ಶೇ 74 ಮಂದಿ ಬದುಕಿದರು. ಅದಕ್ಕಿಂತ ತಡವಾದವರಲ್ಲಿ ಶೇ 49.

1999ರಲ್ಲಿ ಷಿಕಾಗೊದ ವಿಮಾನ ನಿಲ್ದಾಣಗಳು ಇನ್ನೊಂದು ಹೆಜ್ಜೆ ಮುಂದಿಟ್ಟವು: ಯಂತ್ರವನ್ನು ಗೋಡೆಯಲ್ಲಿಟ್ಟು ದಾರಿಹೋಕರ ಕೈಗೇ ಬಿಟ್ಟವು. ಎರಡು ವರ್ಷಗಳಲ್ಲಿ ಬದುಕುಳಿದ 11 ಮಂದಿಯಲ್ಲಿ 6 ಮಂದಿಯ ನೆರವಿಗೆ ಬಂದವರು ಈ ಯಂತ್ರವನ್ನು ಹಿಂದೆಂದೂ ಬಳಸಿದವರಲ್ಲ, ಅದರ ತರಬೇತಿಯೂ ಅವರಿಗಿರಲಿಲ್ಲ. ಅವರಲ್ಲಿ ಮೂವರು ವೈದ್ಯ ಪದವೀಧರರು ಎಂಬುದೂ ನಿಜ.

ಹಾಗೆಂದು ತರಬೇತಿ ಬೇಡವೆಂದಲ್ಲ. ಯಂತ್ರ ಬರುವವರೆಗೆ ಯಾರೋ ಒಬ್ಬರು ಎದೆ ಒತ್ತುತ್ತಿರಬೇಕು. ಇನ್ನೊಬ್ಬರಿಗೆ ಆ ಪೆಟ್ಟಿಗೆ ಎಲ್ಲಿದೆಯೆಂದು ಮೊದಲೇ ಗೊತ್ತಿರಬೇಕು.