ಹಲ್ಲಿಗೆ ಕ್ಲಿಪ್: ಸೇಲಂ–ಧರ್ಮಪುರಿ ಜಿಲ್ಲೆಗಳಲ್ಲಿ ಮೊದಲ ತಪಾಸಣೆ

ಓರೆಕೋರೆ ಹಲ್ಲು, ಉಬ್ಬುಹಲ್ಲು, ಸರಿಯಾಗಿ ಕೂಡದ ದವಡೆ ಇವುಗಳನ್ನು ತಿದ್ದುವ ದಂತವೈದ್ಯ ಶಾಖೆ ಆರ್ಥೊಡಾಂಟಿಕ್ಸ್. ಜನ ಅದನ್ನು ಕರೆಯುವುದು ‘ಕ್ಲಿಪ್ ಹಾಕಿಸುವುದು’ ಎಂದು. ಬಿ.ಡಿ.ಎಸ್. ಮುಗಿಸಿ, ಈ ವಿಷಯದಲ್ಲೇ ಮೂರು ವರ್ಷ ಎಂ.ಡಿ.ಎಸ್. ಓದಿದವರು ಇದರ ತಜ್ಞರು. ಈ ಭಾಗದವರಿಗೆ ತಜ್ಞರ ಕ್ಲಿನಿಕ್‌ಗಳಲ್ಲದೆ ಸೇಲಂ ಬಳಿಯ ಅರಿಯಾನೂರಿನಲ್ಲಿರುವ ವಿನಾಯಕ ಮಿಷನ್ಸ್ ಶಂಕರಾಚಾರಿಯಾರ್ ದಂತ ಕಾಲೇಜೂ ಇದೆ.

ಏಳನೆಯ ವಯಸ್ಸಿನ ಸುಮಾರಿಗೆ ಮಗುವನ್ನು ಒಮ್ಮೆ ತೋರಿಸುವುದು ಒಳ್ಳೆಯದು. ಆಗ ಹಾಲುಹಲ್ಲುಗಳ ನಡುವೆ ಶಾಶ್ವತ ಹಲ್ಲುಗಳು ಮೂಡುತ್ತಿರುತ್ತವೆ. ಬೆರಳು ಚೀಪುವ, ಬಾಯಲ್ಲಿ ಉಸಿರಾಡುವ ಅಭ್ಯಾಸಗಳ ಪರಿಣಾಮವೂ ಕಾಣಿಸುತ್ತದೆ. ತೋರಿಸಿದ ಮಾತ್ರಕ್ಕೆ ತಂತಿ ಹಾಕಬೇಕೆಂದಿಲ್ಲ. ವಸಡು ಮತ್ತು ಮೂಳೆ ಗಟ್ಟಿಯಿದ್ದರೆ ದೊಡ್ಡವರಿಗೂ ಈ ಚಿಕಿತ್ಸೆ ಆಗುತ್ತದೆ.

ಬೇರೆ ಊರುಗಳಲ್ಲಿ ಅಷ್ಟಾಗಿ ಏಳದ ಒಂದು ಪ್ರಶ್ನೆ ಇಲ್ಲಿ ಮುಖ್ಯ: ಮಗು ಯಾವ ನೀರು ಕುಡಿದು ಬೆಳೆಯಿತು? 1965ರಲ್ಲಿ ಸೇಲಂನಿಂದ ಬೇರ್ಪಟ್ಟ ಧರ್ಮಪುರಿ ಗಟ್ಟಿ ಬಂಡೆಯ ನೆಲ. ಹಲವು ಊರುಗಳ ಕೊಳವೆಬಾವಿಗಳಲ್ಲಿ ಬಂಡೆಯ ಖನಿಜಗಳಿಂದ ಕರಗಿ ಬಂದ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದಿದ್ದರೆ 1.5ರ ತನಕ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಮಿತಿ ಮೀರಿದ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆ, ಕೆಲವೊಮ್ಮೆ ಗುಳಿ; ಇದೇ ಹಲ್ಲಿನ ಫ್ಲೋರೋಸಿಸ್. ಕಾವೇರಿ ನೀರನ್ನು ಧರ್ಮಪುರಿ, ಕೃಷ್ಣಗಿರಿಗಳಿಗೆ ತಂದ, 2013ರಲ್ಲಿ ಉದ್ಘಾಟನೆಯಾದ ಹೊಗೇನಕಲ್ ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್ ನಿವಾರಣೆಯ ಮಾತಿದೆ. ಆದರೆ ಹಲ್ಲಿನ ಎನಾಮೆಲ್ ರೂಪುಗೊಳ್ಳುವುದು ಎಳೆಯ ವಯಸ್ಸಿನಲ್ಲಿ. ಈಗ ನಲ್ಲಿಯಲ್ಲಿ ಬರುವ ನೀರಿಗಿಂತ, ಮಗು ಅಂಬೆಗಾಲಿಡುತ್ತಿದ್ದ ಕಾಲದಿಂದ ಶಾಲೆ ಸೇರುವ ತನಕ ಮನೆಗೆ ಎಲ್ಲಿಂದ ನೀರು ತರುತ್ತಿದ್ದರು ಎಂಬುದನ್ನು ನೆನಪಿಸಿಕೊಂಡು ಹೇಳಬೇಕು.

ಹೇಳಬೇಕಾದ ಕಾರಣ ಕ್ಲಿಪ್ಪಿನ ಅಂಟಿಗೆ ಸಂಬಂಧಿಸಿದ್ದು. ತಂತಿಯನ್ನು ಹಿಡಿದಿಡುವ ಪುಟ್ಟ ತುಂಡಾದ ಬ್ರ್ಯಾಕೆಟ್ ಕೂರಿಸುವ ಮುನ್ನ ಹಲ್ಲಿನ ಮೇಲ್ಮೈಗೆ ಸಾಮಾನ್ಯವಾಗಿ ಶೇಕಡಾ 37ರ ಫಾಸ್ಫಾರಿಕ್ ಆಮ್ಲವನ್ನು 15ರಿಂದ 30 ಸೆಕೆಂಡು ಹಚ್ಚಿ ತೊಳೆದು, ಅಂಟು ಹಿಡಿಯುವಂತೆ ತರಿಯಾಗಿಸುತ್ತಾರೆ. ಫ್ಲೋರೈಡ್ ತುಂಬಿದ ಹೊರಪದರ ಈ ಆಮ್ಲಕ್ಕೆ ಸುಲಭವಾಗಿ ಬಗ್ಗದು. ಬ್ರ್ಯಾಕೆಟ್ ಕಿತ್ತುಬರುವ ಸಂಭವ ಹೆಚ್ಚು. ಮೊದಲೇ ತಿಳಿದಿದ್ದರೆ ವೈದ್ಯರು ಆಮ್ಲವನ್ನು ಹೆಚ್ಚು ಹೊತ್ತು ಬಿಡಬಹುದು, ಮೇಲ್ಪದರವನ್ನು ತೆಳುವಾಗಿ ಉಜ್ಜಬಹುದು. ತಂತಿ ಹಲ್ಲನ್ನು ಸಾಲಿಗೆ ತರುತ್ತದೆಯೇ ಹೊರತು ಕಲೆ ತೆಗೆಯದು. ಅದರ ಚಿಕಿತ್ಸೆ ಬೇರೆ. ಈ ಕಲೆ ಹಲ್ಲುಜ್ಜದ ಗುರುತಲ್ಲ. ಮಕ್ಕಳನ್ನು ಆ ಬಗ್ಗೆ ಗದರುವುದು ಅನ್ಯಾಯ.

ಉಳಿದ ತಪಾಸಣೆ ಎಲ್ಲೆಡೆ ಒಂದೇ ಬಗೆ. ಆಸ್ತಮಾ, ಹೃದಯದ ತೊಂದರೆ, ನಿಕಲ್ ಅಲರ್ಜಿ, ನುಂಗುವ ಮಾತ್ರೆಗಳ ವಿಚಾರಣೆ. ಮುಖ, ಕಚ್ಚು, ವಸಡುಗಳ ಪರೀಕ್ಷೆ. ಫೋಟೊ, ಹಲ್ಲಿನ ಅಚ್ಚು. ಬೇಕಿದ್ದರೆ ಇಡೀ ದವಡೆಯ ಮತ್ತು ತಲೆಯ ಪಕ್ಕದ ಎಕ್ಸ್-ರೇ. ಇವನ್ನು ಅಳೆದು ನೋಡಿದ ಮೇಲೆ ಯೋಜನೆ ತಿಳಿಸುವುದರಿಂದ ಅಂದೇ ತಂತಿ ಹಾಕುವುದು ಅಪರೂಪ. ಹುಳುಕು, ವಸಡಿನ ಊತ ಇದ್ದರೆ ಮೊದಲು ಅವು ವಾಸಿಯಾಗಬೇಕು. ಚಿಕಿತ್ಸೆ ಅನೇಕರಿಗೆ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಧರ್ಮಪುರಿಯ ಹಳ್ಳಿಯಿಂದ ಸೇಲಂಗೆ ಬಸ್ಸು ಹತ್ತುವವರು ಒಟ್ಟು ಶುಲ್ಕದ ಜೊತೆ ಪ್ರಯಾಣವನ್ನೂ, ಮುರಿದ ಬ್ರ್ಯಾಕೆಟ್ಟಿಗೆ ಬೇರೆ ಹಣವೇ ಎಂಬುದನ್ನೂ ಅಂದೇ ಕೇಳಿಕೊಳ್ಳಬೇಕು.

ಸೇಲಂನ ದೇವಾಂಗ ನೇಕಾರರಂತೆ ಮನೆಯಲ್ಲಿ ಕನ್ನಡವಾಡುವ ಕುಟುಂಬಗಳೂ ಇಲ್ಲಿವೆ. ತಮಿಳು ಅಥವಾ ಇಂಗ್ಲಿಷಿನ ಒಪ್ಪಿಗೆ ಪತ್ರ ಅರ್ಥವಾಗದಿದ್ದರೆ ಓದಿ ಹೇಳಿಸಿಕೊಂಡು ಸಹಿ ಹಾಕಬೇಕು, ಮುಖ್ಯವಾಗಿ ಹಲ್ಲು ಕೀಳುವ ಮಾತು ಅದರಲ್ಲಿದ್ದಾಗ. ಜಾಗ ಸಾಲದಿದ್ದರೆ ಕೋರೆಹಲ್ಲಿನ ಹಿಂದಿನ ಹಲ್ಲುಗಳನ್ನು ತೆಗೆಯುವುದುಂಟು. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂದು ಅಜ್ಜಿಯರು ತಡೆಯುತ್ತಾರೆ. ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಹಲ್ಲು ತೆಗೆದರೆ ನೋಟ ಕುಂದುವುದಿಲ್ಲ.